ಮಳೆಗಾಲದಲ್ಲಿ ನಾಯಿಗೆ ಸ್ನಾನ: ಒಣಗಿಸುವುದೇ ದೊಡ್ಡ ಕೆಲಸ

ಡೊಂಬಿವಿಲಿಯ ಒನ್ ಬಿಎಚ್‌ಕೆಯಲ್ಲಿ ಶಿಹ್ ತ್ಸು, ಮುಲುಂಡಿನ ಏಳನೇ ಮಾಳಿಗೆಯಲ್ಲಿ ಗೋಲ್ಡನ್ ರಿಟ್ರೀವರ್. ಮುಂಬೈಯ ನಮ್ಮ ಕನ್ನಡದ ಮನೆಗಳಲ್ಲೂ ಈಗ ಜಾತಿ ನಾಯಿಗಳಿವೆ. ಜೂನ್ ಬಂತೆಂದರೆ ದೂರು ಶುರು: ವಾಸನೆ, ಕೆರೆತ. ವಾಸನೆ ಬಂತೆಂದು ವಾರವಾರ ಸ್ನಾನ ಮಾಡಿಸುತ್ತಾರೆ. ಗಾಳಿಯಲ್ಲೇ ತೇವ ಇರುವಾಗ ಕೂದಲ ಬುಡ ಒಣಗುವುದಿಲ್ಲ, ಅಲ್ಲಿ ಫಂಗಸ್ ಬೆಳೆಯುತ್ತದೆ. ಚರ್ಮ ಚೆನ್ನಾಗಿರುವ ನಾಯಿಗೆ ಮೂರು ನಾಲ್ಕು ವಾರಕ್ಕೊಂದು ಸ್ನಾನ ಸಾಕು.

ಮೊದಲು ಬಾಚಿ, ಆಮೇಲೆ ನೀರು. ಸಿಕ್ಕು ಒದ್ದೆಯಾದರೆ ಇನ್ನೂ ಬಿಗಿಯಾಗುತ್ತದೆ. ಸಣ್ಣ ತಂತಿ ಹಲ್ಲುಗಳ ಸ್ಲಿಕರ್ ಬ್ರಷ್‌ನಿಂದ ಕೂದಲನ್ನು ಪದರ ಪದರವಾಗಿ ಎತ್ತಿ, ಬುಡದಿಂದ ಬಾಚಿ. ಮೇಲೆ ಮೇಲೆ ಸವರಿದರೆ ನಾಯಿಗೆ ಖುಷಿ, ಕೆಲಸ ಮಾತ್ರ ಆಗಿರುವುದಿಲ್ಲ. ಕೊನೆಗೆ ಸ್ಟೀಲ್ ಬಾಚಣಿಗೆ ಎಲ್ಲೂ ತಡೆಯದೆ ಇಳಿಯಬೇಕು. ಕಿವಿಯ ಹಿಂದೆ, ಕಂಕುಳು, ಕಾಲರ್ ಕೆಳಗೆ ಗಂಟು ಜಾಸ್ತಿ. ಗಂಟಿಗೆ ಕತ್ತರಿ ಹಾಕಬೇಡಿ. ಚರ್ಮ ಅದರೊಳಗೇ ಸಿಕ್ಕಿರುತ್ತದೆ. ಬೆರಳಿನಿಂದ ನಿಧಾನವಾಗಿ ಬಿಡಿಸಿ.

ಬಾತ್‌ರೂಮ್ ಟೈಲ್ಸ್ ಮೇಲೆ ರಬ್ಬರ್ ಮ್ಯಾಟ್ ಹಾಸಿ. ಕಿವಿಗೆ ಹತ್ತಿ ಇಡಿ. ನೀರು ಉಗುರುಬೆಚ್ಚಗಿರಲಿ. ನಮ್ಮ ಶಾಂಪೂ ಬೇಡ, ನಾಯಿ ಚರ್ಮಕ್ಕೆ ಅದು ಒಗ್ಗುವುದಿಲ್ಲ. ನಾಯಿ ಶಾಂಪೂವನ್ನು ಮಗ್‌ನಲ್ಲಿ ನೀರಿಗೆ ಬೆರೆಸಿ ಹಾಕಿ. ಹಚ್ಚಲು ಐದು ನಿಮಿಷವಾದರೆ ತೊಳೆಯಲು ಹತ್ತು ನಿಮಿಷ ಕೊಡಿ. ಉಳಿದ ಶಾಂಪೂವಿನಿಂದಲೂ ಕೆರೆತ ಬರುತ್ತದೆ.

ಈಗ ಅಸಲು ಕೆಲಸ. ಟವೆಲ್‌ನಿಂದ ಉಜ್ಜದೆ ಒತ್ತಿ ಒತ್ತಿ ನೀರು ತೆಗೆಯಿರಿ. ಡ್ರೈಯರ್ ತಣ್ಣನೆ ಗಾಳಿಯಲ್ಲಿರಲಿ, ಜೊತೆಗೇ ಬಾಚುತ್ತಿರಿ. ಗೋಲ್ಡನ್‌ಗೆ ಒಂದು ಗಂಟೆಯೂ ಹಿಡಿಯಬಹುದು. ಹೊಟ್ಟೆ, ಕಂಕುಳು, ಬೆರಳ ಸಂದಿನಲ್ಲಿ ಕೈಯಾಡಿಸಿ ನೋಡಿ. ತಣ್ಣಗೆ ಹತ್ತಿದರೆ ಇನ್ನೂ ಒದ್ದೆ ಇದೆ. ಇಷ್ಟೆಲ್ಲ ಯಾಕೆ, ಬೋಳಿಸಿಬಿಡೋಣ ಅನ್ನುವವರಿದ್ದಾರೆ. ಶಿಹ್ ತ್ಸುಗೆ ಚಿಕ್ಕದಾಗಿ ಕತ್ತರಿಸಬಹುದು. ಗೋಲ್ಡನ್, ಪೊಮೆರೇನಿಯನ್‌ಗಳದ್ದು ಎರಡು ಪದರದ ಕೂದಲು. ಬೋಳಿಸಿದರೆ ಸರಿಯಾಗಿ ಮತ್ತೆ ಬೆಳೆಯದಿರಬಹುದು. ನಮ್ಮ ಮುಧೋಳ ನಾಯಿಗೆ ಈ ರಗಳೆಯೇ ಇಲ್ಲ, ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಮುಗಿಯಿತು. ಆದರೆ ಅದಕ್ಕೆ ಓಡಲು ಬಯಲು ಬೇಕು, ಮುಂಬೈಯಲ್ಲಿ ಎಲ್ಲಿಂದ ತರೋಣ?

ವಾಕಿಂಗ್‌ನಿಂದ ಬಂದಾಗಲೆಲ್ಲ ಕಾಲು ತೊಳೆದು ಒರೆಸಿ. ರಸ್ತೆಯಲ್ಲಿ ನಿಂತ ನೀರಿನಿಂದ ಇಲಿಜ್ವರ ನಾಯಿಗೂ ಬರುತ್ತದೆ, ನಮಗೂ ಬರುತ್ತದೆ. ಅದರ ಲಸಿಕೆ ಆಗಿದೆಯೇ ಎಂದು ಕಾರ್ಡ್ ನೋಡಿ. ಉಣ್ಣಿ ಕಂಡರೆ ಸೀಮೆಎಣ್ಣೆ ಸುರಿಯಬೇಡಿ, ಪಶುವೈದ್ಯರಲ್ಲಿ ಔಷಧ ಕೇಳಿ.

"ಒಂದು ಸಲ ಮರಿ ಹಾಕಿಸೋಣ, ಚೆನ್ನಾಗಿರುತ್ತೆ" ಎಂಬ ಮಾತು ಎಲ್ಲ ಮನೆಯಲ್ಲೂ ಬರುತ್ತದೆ. ಸಣ್ಣ ಫ್ಲಾಟ್‌ನಲ್ಲಿ ಬೇಡ ಅನ್ನುವುದು ನನ್ನ ಅಭಿಪ್ರಾಯ. ಮರಿ ಮಾಡಿಸಿ ಮಾರುವುದಾದರೆ 2017ರ ಕೇಂದ್ರ ನಿಯಮದಂತೆ ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಣಿ ಆಗಬೇಕು. ಹೆಣ್ಣಿಗೆ 18 ತಿಂಗಳು ತುಂಬಿರಬೇಕು. ಎಂಟು ವಾರ ಆಗದ ಮರಿಯನ್ನು ಮಾರುವಂತಿಲ್ಲ. ಗಬ್ಬದ ಕಾಲ ಸುಮಾರು 63 ದಿನ. ಅದಾದ ಮೇಲೆ ಆ ಎಂಟು ವಾರ ಮರಿಗಳ ಗಲೀಜು, ಕೂಗು, ಕೆಳಗಿನ ಮನೆಯವರ ಜಗಳ ಎಲ್ಲ ನಿಮ್ಮದೇ. ಬೇಡ ಅಂತಾದರೆ ಹೆಣ್ಣು ನಾಯಿಗೆ ಮರಿ ಆಗದಂತೆ ಆಪರೇಷನ್ ಮಾಡಿಸುವ ಬಗ್ಗೆ ಮುಂದಿನ ಬೆದೆಗೆ ಮೊದಲೇ ವೈದ್ಯರ ಜೊತೆ ಮಾತಾಡಿ.