ಅರಮನೆಗೆ ಹೋಗದ ಮೈಸೂರು ನಡಿಗೆ: ನನ್ನ ಅನುಭವ

“ಮೈಸೂರಲ್ಲಿ ಅರಮನೆ ಬಿಟ್ಟು ವಾಕ್ ಮಾಡಿಸ್ತೀಯಾ? ಯಾರು ಬರ್ತಾರೆ ಮಾರಾಯ?” ನನಗಿಂತ ಹಿರಿಯ ಗೈಡ್ ಒಬ್ಬರು ಹೀಗೆ ನಕ್ಕು ಆರು ವರ್ಷ ಆಯಿತು. ಹೋದ ದಸರೆಗೆ ಮುಂಚಿನ ಭಾನುವಾರ ನನ್ನ ನಡಿಗೆಗೆ 40ರ ಹತ್ತಿರ ಜನ ಬಂದಿದ್ದರು. ಹೊರಗಿನವರು ಮೂರೋ ನಾಲ್ಕೋ, ಅಷ್ಟೇ. ಉಳಿದವರೆಲ್ಲ ಇಲ್ಲೇ ಹುಟ್ಟಿ ಬೆಳೆದವರು.

ದಾರಿ ಬಹಳ ಚಿಕ್ಕದು. ದೊಡ್ಡ ಗಡಿಯಾರ, ಕೆ.ಆರ್. ಸರ್ಕಲ್, ಚಿಕ್ಕ ಗಡಿಯಾರ, ದೇವರಾಜ ಮಾರ್ಕೆಟ್. ಸುಮ್ನೆ ನಡೆದರೆ ಕಾಲು ಗಂಟೆ. ನಮಗೆ ಎರಡೂವರೆ ಗಂಟೆ ಬೇಕು.

ಮೊದಲ ವರ್ಷ ನಾನೂ ಎಲ್ಲರ ಹಾಗೆ ಇಸವಿ ಒಪ್ಪಿಸಿದೆ. ದೊಡ್ಡ ಗಡಿಯಾರ 1927ರದ್ದು, ನಾಲ್ವಡಿಯವರ ಆಳ್ವಿಕೆಯ ಬೆಳ್ಳಿಹಬ್ಬಕ್ಕೆ ಅರಮನೆ ನೌಕರರು ಕಟ್ಟಿಸಿದ್ದು ಅಂತೆಲ್ಲ. ಜನ ತಲೆ ಆಡಿಸಿ ಮೊಬೈಲ್ ನೋಡಿದರು. ಪುಸ್ತಿಕೆ ಮಾಡಿದೆ, 300 ಪ್ರತಿ. ಹದಿನಾಲ್ಕು ಸಾವಿರ ಚಿಲ್ಲರೆ ಖರ್ಚಾಯಿತು. ನಲವತ್ತು ಮಾರಾಟವಾದರೆ ಹೆಚ್ಚು. ಉಳಿದದ್ದನ್ನು ಅಮ್ಮ ಅಡುಗೆಮನೆ ಡಬ್ಬಗಳ ಕೆಳಗೆ ಹಾಸುತ್ತಿದ್ದಾರೆ. ಕಾಲರ್ ಮೈಕ್ ತಂದೆ, ಬಸ್ಸಿನ ಹಾರ್ನ್ ಗೆದ್ದಿತು. ಮೊದಲ ಎರಡು ವರ್ಷ ಕೈಯಿಂದ ಹೋದದ್ದು 35 ಸಾವಿರ ಇರಬಹುದು.

ಎಲ್ಲಕ್ಕಿಂತ ದೊಡ್ಡ ತಪ್ಪು, ರಟ್ಟಿಗೆ ಕ್ಲಿಪ್ ಹಾಕಿದ ಪ್ರಶ್ನೆ ಪಟ್ಟಿ ಹಿಡಿದು ಮಾರ್ಕೆಟ್ ಒಳಗೆ ಹೋಗಿದ್ದು. 2016ರಲ್ಲಿ ಮಾರ್ಕೆಟ್ಟಿನ ಒಂದು ಭಾಗ ಕುಸಿದ ಮೇಲೆ ಕೆಡವಬೇಕೋ ಉಳಿಸಬೇಕೋ ಅನ್ನೋ ಜಗಳ ನಡೆದೇ ಇತ್ತು. ಅಂಥ ಜಾಗದಲ್ಲಿ ಕಾಗದ ಹಿಡಿದವನು ಸರ್ವೆಯವನೇ ಅಲ್ವಾ? ಹೂವಿನ ಅಂಗಡಿಯವರೊಬ್ಬರು ಬೈದ ಬೈಗುಳ ಇಲ್ಲಿ ಬರೆಯೋ ಹಾಗಿಲ್ಲ. ಈಗ ಪ್ರತಿ ಸಲ ಅವರ ಹತ್ತಿರವೇ ಮೊದಲು ಎರಡು ಮೊಳ ಮಲ್ಲಿಗೆ ಕೊಳ್ಳುತ್ತೇನೆ. ಈಗ ಅವರೇ ನನಗಿಂತ ಚೆನ್ನಾಗಿ ಕಥೆ ಹೇಳುತ್ತಾರೆ.

ಕೊನೆಗೆ ಕೆಲಸಕ್ಕೆ ಬಂದದ್ದು ಖಾಲಿ ಹಾಳೆ. ದೊಡ್ಡ ಗಡಿಯಾರದ ಕೆಳಗೆ ಎಲ್ಲರಿಗೂ ಅರ್ಧ ಹಾಳೆ, ಒಂದು ಪೆನ್ಸಿಲ್ ಕೊಡುತ್ತೇನೆ. ಮನೆಯಿಂದ ಇಲ್ಲಿಗೆ ಬರೋ ದಾರಿ ಬರೆಯಬೇಕು. ರಸ್ತೆ ಹೆಸರು ಹಾಕುವಂತಿಲ್ಲ. ಮೊದಲ ಸಲವೇ ನಾನು ಬೆಚ್ಚಿಬಿದ್ದೆ. ಅರ್ಧಕ್ಕರ್ಧ ಹಾಳೆಯಲ್ಲಿ ಅರಮನೆಯೇ ಇಲ್ಲ! ಎರಡೂ ಗಡಿಯಾರ ಇವೆ, ಸರ್ಕಲ್ಲಿನ ಮಹಾರಾಜರು ಇದ್ದಾರೆ. ನಲವತ್ತು ದಾಟಿದವರು ಲ್ಯಾನ್ಸ್‌ಡೌನ್ ಕಟ್ಟಡದ ಹಳೇ ಪುಸ್ತಕದ ಅಂಗಡಿಗಳನ್ನು ಬರೆಯುತ್ತಾರೆ. ಅದರ ಒಂದು ಭಾಗ 2012ರಲ್ಲಿ ಕುಸಿದು ನಾಲ್ಕು ಜನ ಸತ್ತರು, ಅಂಗಡಿಗಳೂ ಹೋದವು. ಹಾಳೆಯಲ್ಲಿ ಮಾತ್ರ ಇನ್ನೂ ತೆರೆದಿವೆ. ಕಾಲೇಜು ಮಕ್ಕಳ ಹಾಳೆಯಲ್ಲಿ ಆ ಜಾಗ ಬರೀ ತಗಡಿನ ಬೇಲಿ.

ಆಮೇಲೆ ಆ ಹಾಳೆಗಳನ್ನೇ ಹಿಡಿದು ನಡೆಯುವುದು. ಅವರವರ ಗುರುತಿನ ಹತ್ತಿರ ಅವರವರೇ ಮಾತಾಡಬೇಕು. ನಾನು ಬಾಯಿ ಬಿಡೋದು ಕಡಿಮೆ. ಹಾಳೆ ಕೊಡೋ ಮುಂಚೆ ಒಂದು ಪ್ರಶ್ನೆ ಕೇಳುತ್ತೇನೆ, ಜನರ ಬಾಯಿ ಬಿಡಿಸೋದೇ ಅದು. ಆದರೆ ಅದನ್ನು ಇಲ್ಲಿ ಹೇಳಲ್ಲ.

ನಡುವೆ ಇನ್ನೊಂದು ಆಟ ಸಿಕ್ಕಿತು. ದೊಡ್ಡ ಗಡಿಯಾರದಲ್ಲಿ ಇರೋದು ಕನ್ನಡ ಅಂಕಿ. ಯಾವುದು ೬, ಯಾವುದು ೯ ಅಂತ ಅಪ್ಪ-ಮಕ್ಕಳ ನಡುವೆ ಪಂದ್ಯ. ಜಾಸ್ತಿ ಸೋಲೋದು ಅಪ್ಪಂದಿರೇ.

ಬೆಂಗಳೂರಿಗೆ ಹೋಗಿ ಲಾಲ್‌ಬಾಗಿನ ಕೆಂಪೇಗೌಡ ಗೋಪುರದ ಹತ್ತಿರವೂ ಇದೇ ಮಾಡಲು ಹೋಗಿ ಮುಗ್ಗರಿಸಿದೆ. ಎಲ್ಲರಿಗೂ ಅದು ಫೋಟೋ ಜಾಗ. ದಾರಿ ಹೇಳುವಾಗ ಯಾರೂ ಅದರ ಹೆಸರು ಎತ್ತಲ್ಲ. ಬದಲಿಗೆ ಹಾಳೆ ತುಂಬ ಮೆಜೆಸ್ಟಿಕ್ ಬಂತು. ಆ ಜಾಗಕ್ಕೆ ಹೆಸರು ಕೊಟ್ಟ ಥಿಯೇಟರ್ ಹೋಗಿ ಎಷ್ಟೋ ಕಾಲವಾಗಿದೆ! ಅಲ್ಲಿಂದ ಒಂದು ಅಳತೆ ಇಟ್ಟುಕೊಂಡಿದ್ದೇನೆ: ಆಟೋದವನಿಗೆ ಹೇಳೋ ಹೆಸರಾದರೆ ಅದು ಊರಿನವರದ್ದು. ಇಲ್ಲದಿದ್ದರೆ ಎಷ್ಟೇ ಹಳೆಯದಾಗಲಿ, ನನ್ನ ನಡಿಗೆಗೆ ಬೇಡ.

ಈಗ ತಲೆಗೆ 150 ರೂಪಾಯಿ, ಮಕ್ಕಳಿಗೆ ಇಲ್ಲ. ಕಾಫಿ, ಹಾಳೆ, ಮಲ್ಲಿಗೆ ಕಳೆದು ಒಳ್ಳೆಯ ಭಾನುವಾರ ಮೂರು ಸಾವಿರ ಉಳಿದೀತು. ಪೆನ್ಸಿಲ್ ಮಾತ್ರ ವಾಪಸ್ ಬರಲ್ಲ.

ಹೋದ ತಿಂಗಳು ಅದೇ ಗೈಡ್ ಫೋನ್ ಮಾಡಿದ್ದರು. “ಆ ಮೊದಲ ಪ್ರಶ್ನೆ ಏನು ಹೇಳಪ್ಪಾ” ಅಂದರು. ಭಾನುವಾರ ಬೆಳಿಗ್ಗೆ ಏಳಕ್ಕೆ ಗಡಿಯಾರದ ಹತ್ತಿರ ಬನ್ನಿ ಸಾರ್, 150 ರೂಪಾಯಿ ತನ್ನಿ ಅಂದೆ.