ನಿಗಮದ ಪರ ಲೇಬರ್ ಕೋರ್ಟಿನಲ್ಲಿ ನಿಲ್ಲುವುದು ಹೇಗೆ: ಹೊಸ ವಕೀಲರಿಗೆ

ಕೆಲಸ ಕಳೆದುಕೊಂಡವರ ಪರ ವಾದ ಮಾಡುವುದನ್ನು ಹೇಳಿಕೊಡುವ ಸೀನಿಯರ್‌ಗಳು ಬೇಕಾದಷ್ಟು ಜನ ಸಿಗುತ್ತಾರೆ. ಕೆಲಸದಿಂದ ತೆಗೆದ ಸರ್ಕಾರಿ ನಿಗಮದ ಪರ ನಿಲ್ಲುವವರಿಗೆ ಹೇಳಿಕೊಡುವವರು ಕಮ್ಮಿ. ಇಲ್ಲಿ ಸಾರಿಗೆ ನಿಗಮವನ್ನೇ ಉದಾಹರಣೆಗೆ ಇಟ್ಟುಕೊಳ್ಳುತ್ತೇನೆ. ಕಂಡಕ್ಟರು, ಡ್ರೈವರು, ಮೆಕ್ಯಾನಿಕ್ಕು ಅಂತ ಇಷ್ಟೊಂದು ಜನ ಕೆಲಸ ಮಾಡುವ ಕಡೆ ಕೇಸುಗಳೂ ಜಾಸ್ತಿ. ಜೊತೆಗೆ ಈ ವಿಷಯದಲ್ಲಿ ದೇಶದ ಎಲ್ಲ ಕೋರ್ಟುಗಳೂ ಎತ್ತಿ ಹೇಳುವ ಒಂದೆರಡು ತೀರ್ಪು ನಮ್ಮ ಕೆಎಸ್‌ಆರ್‌ಟಿಸಿಯ ಕೇಸುಗಳಲ್ಲೇ ಬಂದಿವೆ. ಬೇರೆ ನಿಗಮ, ಮಂಡಳಿಗಳ ಕೆಲಸವೂ ಹೆಚ್ಚುಕಮ್ಮಿ ಇದೇ ದಾರಿಯದು.

ಒಳಗೆ ಬರಲು ಎರಡು ದಾರಿ ಇದೆ. ಕಾನೂನು ಅಧಿಕಾರಿಯಾಗಿ ಸಂಬಳಕ್ಕೆ ಸೇರುವುದು ಒಂದು, ಪ್ಯಾನಲ್ ವಕೀಲರಾಗುವುದು, ಅಂದರೆ ನಿಗಮದ ಪಟ್ಟಿಯಲ್ಲಿದ್ದು ಕೇಸಿಗಿಷ್ಟು ಫೀಸಿಗೆ ವಾದಿಸುವುದು ಇನ್ನೊಂದು. ಸಂಬಳಕ್ಕೆ ಸೇರಿದರೆ ಕೋರ್ಟಿಗಿಂತ ಕಡತದ ಕೆಲಸವೇ ಜಾಸ್ತಿ: ಶಿಸ್ತು ಪ್ರಾಧಿಕಾರಕ್ಕೆ ಅಭಿಪ್ರಾಯ ಬರೆಯುವುದು, ಪ್ಯಾನಲ್ ವಕೀಲರಿಗೆ ಕಂಡಿಕೆವಾರು ವಿವರಣೆ ಕಳಿಸುವುದು, ಮೇಲ್ಮನವಿ ಹಾಕಬೇಕೋ ಬೇಡವೋ ಅಂತ ಹೇಳುವುದು. ಬಾರ್ ಕೌನ್ಸಿಲ್ ನಿಯಮ 49ರ ಪ್ರಕಾರ ಪೂರ್ಣಾವಧಿ ಸಂಬಳದ ಕೆಲಸದಲ್ಲಿದ್ದುಕೊಂಡು ವಕೀಲಿಕೆ ಮಾಡುವಂತಿಲ್ಲ, ಹಾಗಾಗಿ ವಕೀಲಿಕೆಯ ಸನ್ನದು ಅಮಾನತಿನಲ್ಲಿಡುವ ಲೆಕ್ಕಾಚಾರವನ್ನು ಸೇರುವ ಮೊದಲೇ ಮಾಡಿಕೊಳ್ಳಿ. ಪ್ಯಾನಲ್‌ನಲ್ಲಿದ್ದರೆ ಕೋರ್ಟು ನಿಮ್ಮದು, ಬೇರೆ ಕಕ್ಷಿದಾರರೂ ಇರಬಹುದು. ಆದರೆ ಅದೇ ನಿಗಮದ ನೌಕರರ ಪರ ಮಾತ್ರ ವಕಾಲತ್ತು ಹಾಕಬೇಡಿ. ಪಕ್ಕದ ಡಿಪೋದ ಡ್ರೈವರು ಸ್ನೇಹಿತರ ಸ್ನೇಹಿತ ಅಂತ ಬಂದರೂ ಬೇಡ.

ಯಾವ ಕೇಸು ಎಲ್ಲಿಗೆ ಹೋಗುತ್ತದೆ ಅನ್ನುವುದನ್ನು ಮೊದಲ ದಿನವೇ ತಲೆಗೆ ಹಾಕಿಕೊಳ್ಳಿ. ಸರ್ಕಾರಿ ಇಲಾಖೆಯ ನೌಕರರ ಸೇವಾ ವಿಷಯಗಳು ಕರ್ನಾಟಕ ರಾಜ್ಯ ಆಡಳಿತ ನ್ಯಾಯಮಂಡಳಿಗೆ, ಅಂದರೆ ಕೆಎಟಿಗೆ ಹೋಗುತ್ತವೆ. ಅಲ್ಲಿ ಸರ್ಕಾರಿ ನೌಕರರ ಶಿಸ್ತು ಕ್ರಮದ 1957ರ ಸಿಸಿಎ ನಿಯಮಗಳು, ವಜಾದಿಂದ ಅವರಿಗೆ ರಕ್ಷಣೆ ಕೊಡುವ ಸಂವಿಧಾನದ 311ನೇ ವಿಧಿ ಇವೇ ಮಾತು. ಸಾರಿಗೆ ನಿಗಮದ ಕಂಡಕ್ಟರಿಗೆ 311 ಇಲ್ಲ. ಅವರಿಗೆ ಕೆಎಸ್‌ಆರ್‌ಟಿಸಿಯ 1971ರ ನಡತೆ ಮತ್ತು ಶಿಸ್ತು ನಿಯಮಾವಳಿ ಇದೆ, ಕಾರ್ಮಿಕ ಕಾನೂನು ಇದೆ, ವಜಾ ಆದರೆ ಅವರು ಬರುವುದು ಲೇಬರ್ ಕೋರ್ಟಿಗೆ. ಹಳೆಯ ಐಡಿ ಕಾಯ್ದೆಗೆ, ಅಂದರೆ ಕೈಗಾರಿಕಾ ವಿವಾದಗಳ ಕಾಯ್ದೆಗೆ, ನಮ್ಮ ರಾಜ್ಯ ಸೇರಿಸಿಕೊಂಡಿದ್ದ 10(4-ಎ) ಕಲಮಿನಿಂದಾಗಿ, ಸರ್ಕಾರವೇ ವಿವಾದವನ್ನು ಕೋರ್ಟಿಗೆ ಒಪ್ಪಿಸುವ ರೆಫರೆನ್ಸಿಗೆ ಕಾಯದೆ ಆರು ತಿಂಗಳೊಳಗೆ ನೇರವಾಗಿ ಅರ್ಜಿ ಹಾಕಬಹುದಿತ್ತು, ನಿಮ್ಮ ಕೈಗೆ ಬರುವ ಹಳೆಯ ಕಡತಗಳಲ್ಲಿ ಎಷ್ಟೋ ಈ ದಾರಿಯಲ್ಲೇ ಬಂದವು. 2025ರ ನವೆಂಬರ್ 21ರಿಂದ ಅದರ ಜಾಗಕ್ಕೆ ಕೈಗಾರಿಕಾ ಸಂಬಂಧಗಳ ಸಂಹಿತೆ ಜಾರಿಗೆ ಬಂದಿದೆ. ಆದ್ದರಿಂದ ಆದೇಶದ ದಿನಾಂಕ ನೋಡದೆ ಸೆಕ್ಷನ್ ನಂಬರ್ ಬರೆಯಬೇಡಿ. ಮುಂದೆ ನಾನು ಹೇಳುವ ನಂಬರುಗಳೆಲ್ಲ ಹಳೆಯ ಕಾಯ್ದೆಯವು. ಇನ್ನೊಂದು ವಿಷಯ: ಐಡಿ ಕಾಯ್ದೆಯ 36(4)ರ ಪ್ರಕಾರ ಲೇಬರ್ ಕೋರ್ಟಿನಲ್ಲಿ ವಕೀಲರು ನಿಲ್ಲಲು ಎದುರು ಪಕ್ಷದ ಒಪ್ಪಿಗೆ ಮತ್ತು ಕೋರ್ಟಿನ ಅನುಮತಿ ಎರಡೂ ಬೇಕು. ಎರಡೂ ಕಡೆ ವಕೀಲರೇ ಇರುವುದರಿಂದ ಇದನ್ನು ಯಾರೂ ಎತ್ತುವುದಿಲ್ಲ. ಕೆಲಸಗಾರರೇ ಖುದ್ದಾಗಿ ವಾದಿಸುವ ಕೇಸಿನಲ್ಲಿ ಮಾತ್ರ ಮೊದಲ ದಿನವೇ ಇದು ನಿಮಗೆ ಅಡ್ಡ ಬರಬಹುದು.

ಈಗ ಕಡತ ಬಂತು ಅಂದುಕೊಳ್ಳಿ. ಅರ್ಜಿ ಓದುವ ಮೊದಲು ವಜಾ ಆದೇಶದ ದಿನಾಂಕ ನೋಡಿ. ಆ ದಿನ ಕಾರ್ಮಿಕ ಸಂಘದ ಯಾವುದಾದರೂ ಬೇಡಿಕೆ ಕೈಗಾರಿಕಾ ಟ್ರಿಬ್ಯೂನಲ್ ಮುಂದೆ ಬಾಕಿ ಇತ್ತಾ ಅಂತ ಕಾನೂನು ಶಾಖೆಯನ್ನು ಕೇಳಿ, ಬಾಯಿಮಾತಿನ ಉತ್ತರ ಬೇಡ, ಬರಹದಲ್ಲೇ ತರಿಸಿ. ಬಾಕಿ ಇದ್ದಿದ್ದರೆ, ಈ ಕೆಲಸಗಾರರೂ ಆ ವಿವಾದಕ್ಕೆ ಸಂಬಂಧಪಟ್ಟವರಾಗಿದ್ದರೆ, 33(2)(ಬಿ) ಪ್ರಕಾರ ಒಂದು ತಿಂಗಳ ಸಂಬಳ ಕೊಟ್ಟು, ವಜಾಕ್ಕೆ ಅನುಮೋದನೆ ಕೋರಿ ಆ ಟ್ರಿಬ್ಯೂನಲ್‌ಗೇ ಅರ್ಜಿ ಹಾಕಿರಬೇಕು. ಹಾಕಿಲ್ಲ ಅಂದರೆ ಕಂಡಕ್ಟರ್ ಹಣ ಹೊಡೆದಿದ್ದಕ್ಕೆ ನಿಮ್ಮ ಹತ್ತಿರ ಎಷ್ಟೇ ಗಟ್ಟಿ ಸಾಕ್ಷಿ ಇರಲಿ, ಕೇಸು ಮುಗಿದ ಹಾಗೆಯೇ. ಜೈಪುರ ಜಿಲಾ ಸಹಕಾರಿ ಭೂಮಿ ವಿಕಾಸ್ ಬ್ಯಾಂಕ್ ಪ್ರಕರಣದಲ್ಲಿ 2002ರಲ್ಲಿ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ಇದನ್ನು ಸ್ಪಷ್ಟವಾಗಿ ಹೇಳಿದೆ. ಅನುಮೋದನೆ ಇಲ್ಲದ ವಜಾ ಜಾರಿಯಾಗಲೇ ಇಲ್ಲ ಅಂತ ಅರ್ಥ.

ಆಮೇಲೆ ತನಿಖೆಯ ಕಾಗದಗಳು. ಕಂಡಕ್ಟರ್ ಕೇಸಿನಲ್ಲಿ ನಿಮ್ಮ ಪ್ರಾಣ ಇರುವುದು ಇಲ್ಲೇ, ಇದನ್ನು ಅವಸರದಲ್ಲಿ ತಿರುವಿಹಾಕಬೇಡಿ. ಲೈನ್ ಚೆಕಿಂಗ್‌ನವರು ಬಸ್ಸು ನಿಲ್ಲಿಸಿದ ಜಾಗ ಯಾವುದು, ಸಮಯ ಎಷ್ಟು, ಬಸ್ಸು ಎಷ್ಟನೇ ಸ್ಟೇಜಿನಲ್ಲಿತ್ತು, ಟಿಕೆಟ್ ಇಲ್ಲದವರು ಎಲ್ಲಿ ಹತ್ತಿದವರು, ಈ ಎಲ್ಲವನ್ನೂ ಆಪಾದನಾ ಪತ್ರ, ಚೆಕಿಂಗ್ ವರದಿ, ವೇ ಬಿಲ್ (ಕಂಡಕ್ಟರ್ ಬರೆಯುವ ಟಿಕೆಟ್ ಲೆಕ್ಕದ ಹಾಳೆ) ಮೂರನ್ನೂ ಮೇಜಿನ ಮೇಲೆ ಪಕ್ಕಪಕ್ಕ ಹರಡಿಕೊಂಡು ತಾಳೆ ನೋಡಿ. ವರದಿಯಲ್ಲಿ ಏಳು ಜನ ಅಂತಿದ್ದು ಆಪಾದನಾ ಪತ್ರದಲ್ಲಿ ಒಂಬತ್ತು ಅಂತಿದ್ದರೆ ಎದುರು ವಕೀಲರು ಅದನ್ನು ಬಿಡುತ್ತಾರಾ? ಮೆಷಿನ್ ಟಿಕೆಟ್ ಆದರೆ ಟಿಕೆಟ್ಟಿನ ಮೇಲೇ ಹೊತ್ತು ಅಚ್ಚಾಗಿರುತ್ತದೆ. ಬಸ್ಸು ನಿಂತ ಮೇಲೆ ಗಡಿಬಿಡಿಯಲ್ಲಿ ಹರಿದ ಟಿಕೆಟ್ಟು ಯಾವುದು ಅಂತ ಆ ಹೊತ್ತೇ ಹೇಳಿಬಿಡುತ್ತದೆ, ಬೇರೆ ಸಾಕ್ಷಿ ಹುಡುಕುವುದೇ ಬೇಡ.

ಕಂಡಕ್ಟರ್ ಕಡೆಯವರ ವಾದ ಬಹುತೇಕ ಒಂದೇ ತರ ಇರುತ್ತದೆ: ಪ್ರಯಾಣಿಕರನ್ನು ಸಾಕ್ಷಿಗೆ ಕರೆಸಲಿಲ್ಲ, ಕ್ಯಾಷ್ ಬ್ಯಾಗ್ ಎಣಿಸಲಿಲ್ಲ, ಬಸ್ಸಲ್ಲಿ ಕಾಲಿಡಲು ಜಾಗ ಇರಲಿಲ್ಲ. ಮೊದಲನೆಯದಕ್ಕೆ 1977ರ ರತನ್ ಸಿಂಗ್ ತೀರ್ಪು ಸಾಕು. ಅದೂ ಬಸ್ ಕಂಡಕ್ಟರ್ ಪ್ರಕರಣವೇ, ಹರಿಯಾಣದ್ದು. ಇಲಾಖಾ ವಿಚಾರಣೆಗೆ ಸಾಕ್ಷ್ಯ ಕಾಯ್ದೆಯ ಕಟ್ಟುನಿಟ್ಟು ಅನ್ವಯಿಸುವುದಿಲ್ಲ, ಪ್ರಯಾಣಿಕರ ಹೇಳಿಕೆ ಇಲ್ಲ ಅನ್ನುವ ಒಂದೇ ಕಾರಣಕ್ಕೆ ವಿಚಾರಣೆ ಬಿದ್ದುಹೋಗುವುದಿಲ್ಲ ಅಂತ ಅದರಲ್ಲಿದೆ. ಮೊತ್ತ ಚಿಕ್ಕದು, ವಜಾ ಜಾಸ್ತಿಯಾಯಿತು ಅನ್ನುವ ವಾದಕ್ಕೆ ಕೆಎಸ್‌ಆರ್‌ಟಿಸಿ ವಿರುದ್ಧ ಬಿ.ಎಸ್. ಹುಳ್ಳಿಕಟ್ಟಿ, 2001. ಪ್ರಯಾಣಿಕರ ಹಣಕ್ಕೆ ಸರಿಯಾಗಿ ಟಿಕೆಟ್ ಕೊಡದ ಕಂಡಕ್ಟರ್ ಒಂದೋ ಅಪ್ರಾಮಾಣಿಕ, ಇಲ್ಲವೋ ಕೆಲಸದಲ್ಲಿಟ್ಟುಕೊಳ್ಳಲಾಗದಷ್ಟು ಬೇಜವಾಬ್ದಾರಿ ಅನ್ನುವುದು ಅದರ ಸಾರ. ಹಾಗಂತ ಪ್ರತಿ ಕೇಸಿನಲ್ಲೂ ಇದನ್ನೇ ಬೀಸಬೇಡಿ. 11-ಎ ಪ್ರಕಾರ ಶಿಕ್ಷೆ ಕಮ್ಮಿ ಮಾಡುವ ಅಧಿಕಾರ ಲೇಬರ್ ಕೋರ್ಟಿಗಿದೆ. ಇಪ್ಪತ್ತು ವರ್ಷ ದುಡಿದವರನ್ನು ಒಂದು ಟಿಕೆಟ್ಟಿಗೆ ಮನೆಗೆ ಕಳಿಸಿದ್ದರೆ ನ್ಯಾಯಾಧೀಶರ ಮುಖ ನೋಡಿಯೇ ಗೊತ್ತಾಗುತ್ತದೆ.

ಅಲ್ಲೇ ನಿಮಗೆ ಹಿಂದಿನ ತಪ್ಪುಗಳ ಪಟ್ಟಿ ಬೇಕಾಗುವುದು. ಆ ಪಟ್ಟಿ ತೋರಿಸಿ ಜಾಸ್ತಿ ಶಿಕ್ಷೆ ಕೊಟ್ಟಿದ್ದರೆ, ಅದನ್ನು ಶೋಕಾಸ್ ನೋಟಿಸಿನಲ್ಲೇ ನೌಕರರ ಗಮನಕ್ಕೆ ತಂದಿದ್ದಾರಾ ನೋಡಿ. 1960ರ ದಶಕದಲ್ಲೇ ಮಂಚೇಗೌಡ ಪ್ರಕರಣದಲ್ಲಿ, ಆಗಿನ ಮೈಸೂರು ರಾಜ್ಯದ್ದು, ಸುಪ್ರೀಂ ಕೋರ್ಟು ಇದನ್ನು ಹೇಳಿತ್ತು. ವಿಚಾರಣಾಧಿಕಾರಿಯ ವರದಿಯ ಪ್ರತಿಯನ್ನು ಶಿಕ್ಷೆಗೆ ಮೊದಲು ಕೊಟ್ಟಿರಬೇಕು ಅನ್ನುವುದು 1993ರ ಕರುಣಾಕರ್ ತೀರ್ಪು. ಇವೆರಡೂ ಹಳೆಯ ಮಾತು, ಆದರೂ ಇದೇ ಕಾರಣಕ್ಕೆ ಬಿದ್ದುಹೋಗುವ ಕೇಸುಗಳು ಈಗಲೂ ಇವೆ. ನಿಮ್ಮ ಕಡೆಯ ಎಷ್ಟೋ ಕೇಸುಗಳ ಹಣೆಬರಹ ನೀವು ವಕಾಲತ್ತು ಹಾಕುವ ಮೊದಲೇ ಡಿಪೋದಲ್ಲೋ ವಿಭಾಗೀಯ ಕಚೇರಿಯಲ್ಲೋ ಬರೆದಾಗಿರುತ್ತದೆ. ಅದನ್ನು ಓದಿ, ಉಳಿಯುವ ಕೇಸು ಯಾವುದು, ಉಳಿಯದ್ದು ಯಾವುದು ಅಂತ ಬೇಗ ಹೇಳುವುದೇ ನಿಮಗೆ ಕೊಡುವ ಫೀಸಿನ ಅರ್ಧ ಕೆಲಸ.

ನೌಕರರ ಅರ್ಜಿಗೆ ನಿಗಮದ ಉತ್ತರವಾಗಿ ಆಕ್ಷೇಪಣೆ ಬರೆಯುವಾಗ ಒಂದು ವಾಕ್ಯ ಮರೆಯಲೇಬೇಡಿ. ಡೊಮೆಸ್ಟಿಕ್ ಎಂಕ್ವೈರಿ, ಅಂದರೆ ನಿಗಮ ಒಳಗೇ ನಡೆಸಿದ ವಿಚಾರಣೆ, ಸರಿಯಿಲ್ಲ ಅಂತ ಕೋರ್ಟು ಹೇಳಿದರೆ ಆರೋಪವನ್ನು ಕೋರ್ಟಿನಲ್ಲೇ ಸಾಬೀತು ಮಾಡಲು ಅವಕಾಶ ಕೊಡಬೇಕು, ಈ ಕೋರಿಕೆ ಆಕ್ಷೇಪಣೆಯಲ್ಲೇ ಇರಲಿ. ವಿಚಾರಣೆ ಸರಿಯಿತ್ತೇ ಅನ್ನುವ ಪ್ರಾಥಮಿಕ ವಿವಾದಾಂಶದಲ್ಲಿ ಸೋತ ಮೇಲೆ ಕೇಳೋಣ ಅಂತ ಕೂತರೆ ತಡವಾಗುತ್ತದೆ. 2001ರ ಕೆಎಸ್‌ಆರ್‌ಟಿಸಿ ವಿರುದ್ಧ ಲಕ್ಷ್ಮೀದೇವಮ್ಮ ಪ್ರಕರಣದ ಸಂವಿಧಾನ ಪೀಠದ ತೀರ್ಪು ಇದೇ ವಿಷಯದ ಮೇಲೆ ಇದೆ. ಈ ವಾಕ್ಯವನ್ನು ನಿಮ್ಮ ಟೈಪಿಸ್ಟ್ ಕಂಪ್ಯೂಟರಿನಲ್ಲಿ ಖಾಯಂ ಇಟ್ಟುಬಿಡಿ.

ಸಾಕ್ಷಿಗಳ ವಿಷಯದಲ್ಲಿ ಒಂದೇ ಮಾತು. ವಿಚಾರಣಾಧಿಕಾರಿ ನಿವೃತ್ತರಾಗಿರುತ್ತಾರೆ, ಚೆಕಿಂಗ್ ಇನ್ಸ್‌ಪೆಕ್ಟರ್ ಬೇರೆ ವಿಭಾಗಕ್ಕೆ ವರ್ಗವಾಗಿರುತ್ತಾರೆ, ಕೋರ್ಟಿಗೆ ಬರುವ ದಿನ ಬೆಳಿಗ್ಗೆ ಕಾರಿಡಾರಿನಲ್ಲಿ ಕಡತ ಕೈಗೆ ಕೊಟ್ಟರೆ ಅವರಿಗೆ ಏನು ನೆನಪಾಗಬೇಕು? ಒಂದು ವಾರ ಮೊದಲೇ ಜೆರಾಕ್ಸ್ ಕಳಿಸಿ. ಸಹಿ ತಮ್ಮದೇ ಅಂತ ಗುರುತಿಸುವುದು, ನೆನಪಿಲ್ಲದ್ದನ್ನು ನೆನಪಿಲ್ಲ ಅನ್ನುವುದು, ಇಷ್ಟು ಮಾಡಿದರೆ ಸಾಕು ಅಂತ ಹೇಳಿ.

ಹೋರಾಡಬಾರದ ಕೇಸುಗಳೂ ಇವೆ. ಕೆಲಸ ಮಾಡುತ್ತಲೇ ಕಣ್ಣು ಹೋದ, ಕಾಲು ಮುರಿದ ಡ್ರೈವರನ್ನು ಅಸಮರ್ಥ ಅಂತ ಮನೆಗೆ ಕಳಿಸಿದ ಕಡತ ಬಂದರೆ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 20ನೇ ಸೆಕ್ಷನ್ ತೆಗೆದು ಅಧಿಕಾರಿಗಳ ಮುಂದಿಡಿ. ಬೇರೆ ಕೆಲಸ ಕೊಡಬೇಕು, ಸಂಬಳ ಕಮ್ಮಿ ಮಾಡುವಂತಿಲ್ಲ. ದಿನಗೂಲಿ ಕೇಸುಗಳಲ್ಲಿ ನಮ್ಮವರು ತಾತ್ಕಾಲಿಕ ನೌಕರರು ಕಾಯಮಾತಿಯನ್ನು ಹಕ್ಕಾಗಿ ಕೇಳುವಂತಿಲ್ಲ ಅಂದ 2006ರ ಉಮಾದೇವಿ ತೀರ್ಪನ್ನು, ಅದೂ ಕರ್ನಾಟಕದ್ದೇ, ಗುರಾಣಿಯ ಹಾಗೆ ಹಿಡಿದುಕೊಂಡು ಬರುತ್ತಾರೆ. 2024ರ ಡಿಸೆಂಬರ್‌ನ ಜಗ್ಗೋ ತೀರ್ಪಿನಲ್ಲಿ, ಕಾಯಂ ಸ್ವರೂಪದ ಕೆಲಸವನ್ನು ವರ್ಷಗಟ್ಟಲೆ ತಾತ್ಕಾಲಿಕ ಹೆಸರಿನಲ್ಲಿ ಮಾಡಿಸಿಕೊಂಡವರು ಉಮಾದೇವಿಯನ್ನು ಹೀಗೆ ಬಳಸುವುದನ್ನು ಸುಪ್ರೀಂ ಕೋರ್ಟು ಆಕ್ಷೇಪಿಸಿದೆ. ಅದನ್ನೂ ಅಭಿಪ್ರಾಯದಲ್ಲಿ ಬರೆಯಿರಿ. ಅಧಿಕಾರಿಗಳಿಗೆ ಬೇಜಾರಾಗಬಹುದು. ರಾಜಿ ಮಾಡಿಕೊಳ್ಳಿ ಅಂದರೆ ಆಡಿಟ್‌ನವರು ಕೇಳುತ್ತಾರೆ ಅನ್ನುವ ಭಯವೂ ಇರುತ್ತದೆ. ಅದಕ್ಕೇ ನಿಮ್ಮ ಅಭಿಪ್ರಾಯದಲ್ಲಿ ಸೋತರೆ ಕಟ್ಟಬೇಕಾದ ಹಿಂಬಾಕಿ, ಅಂದರೆ ಕೆಲಸದಿಂದ ಹೊರಗಿದ್ದ ಅವಧಿಯ ಸಂಬಳ, ಎಷ್ಟು ಅಂತ ರೂಪಾಯಿ ಲೆಕ್ಕ ಹಾಕಿ ಕೊಡಿ. ಆ ಲೆಕ್ಕದ ಮೇಲೆ ಸಹಿ ಹಾಕುವುದು ಅವರಿಗೂ ಸುಲಭ, ಲೋಕ ಅದಾಲತ್‌ನಲ್ಲಿ ಹಿಂಬಾಕಿ ಬಿಟ್ಟುಕೊಟ್ಟು ಕೆಲಸಕ್ಕೆ ಮರಳುವ ಒಪ್ಪಂದಕ್ಕೂ ಅದೇ ಆಧಾರ.

ಹಿಂಬಾಕಿ ಕಡಿಮೆ ಮಾಡಿಸಬೇಕಾದರೆ ಸಾಕ್ಷ್ಯದ ಹಂತದಲ್ಲೇ ತಯಾರಿ ಬೇಕು. 2013ರ ದೀಪಾಲಿ ಗುಂಡು ಸುರ್ವಸೆ ತೀರ್ಪಿನ ಪ್ರಕಾರ, ಬೇರೆ ದುಡಿಮೆ ಇರಲಿಲ್ಲ ಅಂತ ನೌಕರರು ಹೇಳಿದ ಮೇಲೆ, ಇತ್ತು ಅಂತ ತೋರಿಸುವ ಹೊಣೆ ನಿಮ್ಮದು. ಆತ ಊರಲ್ಲಿ ಆಟೋ ಓಡಿಸುತ್ತಿದ್ದ ಅನ್ನುವ ಗಾಳಿಮಾತು ಸಾಲದು, ಪರ್ಮಿಟ್ ಪ್ರತಿಯೋ ಲೈಸೆನ್ಸ್ ಪ್ರತಿಯೋ ಇರಬೇಕು.

ಅವಾರ್ಡ್, ಅಂದರೆ ಲೇಬರ್ ಕೋರ್ಟಿನ ತೀರ್ಪು, ನಿಮ್ಮ ವಿರುದ್ಧ ಬಂದರೆ ಅದೇ ದಿನ ಪ್ರಮಾಣಿತ ಪ್ರತಿಗೆ ಅರ್ಜಿ ಹಾಕಿ, ಪ್ರತಿ ಸಿಕ್ಕ ವಾರದೊಳಗೆ ಅಭಿಪ್ರಾಯ ಕಳಿಸಿ. ಕಡತ ಈ ಮೇಜಿನಿಂದ ಆ ಮೇಜಿಗೆ ಹೋಗುವಷ್ಟರಲ್ಲಿ ತಡವಾಯಿತು ಅನ್ನುವ ಕಾರಣಕ್ಕೆ ಈಗ ಬೆಲೆ ಇಲ್ಲ. 2012ರಲ್ಲಿ ಅಂಚೆ ಇಲಾಖೆಯ 427 ದಿನಗಳ ವಿಳಂಬವನ್ನು ಸುಪ್ರೀಂ ಕೋರ್ಟು ಮನ್ನಿಸಲಿಲ್ಲ. ಮರುನೇಮಕದ ಅವಾರ್ಡನ್ನು ಹೈಕೋರ್ಟಿನಲ್ಲಿ ಪ್ರಶ್ನಿಸಿದರೆ 17-ಬಿ ಪ್ರಕಾರ ನೌಕರರು ಕೊನೆಗೆ ಪಡೆಯುತ್ತಿದ್ದ ಸಂಬಳವನ್ನು ತಿಂಗಳು ತಿಂಗಳು ಕೊಡುತ್ತಿರಬೇಕಾಗುತ್ತದೆ, ಕೇಸು ಗೆದ್ದರೂ ಅದು ವಾಪಸ್ ಬರುವುದಿಲ್ಲ. ರಿಟ್ ಹಾಕುವ ಮೊದಲೇ ಇದನ್ನು ಹೇಳಿ, ಆಮೇಲೆ ಹೇಳಿದರೆ ಬೈಗುಳ ನಿಮಗೇ.

ಫೀಸಿನ ಬಿಲ್ಲು ಕೇಸು ಮುಗಿದ ತಿಂಗಳೇ ಕೊಡಿ. ಕೇಸ್ ನಂಬರ್, ವಕಾಲತ್ತು ವಹಿಸಿಕೊಟ್ಟ ಪತ್ರದ ಸಂಖ್ಯೆ, ಅವಾರ್ಡ್ ಪ್ರತಿ ಮೂರೂ ಲಗತ್ತಿಸಿ, ಒಂದು ಪ್ರತಿಗೆ ಸ್ವೀಕೃತಿ ಸೀಲು ಹಾಕಿಸಿಕೊಳ್ಳಿ. ಒಂದು ಕಾಗದ ಕಮ್ಮಿಯಿದ್ದರೂ ಬಿಲ್ಲು ವಾಪಸ್ ಬರುತ್ತದೆ, ಅಷ್ಟರಲ್ಲಿ ಮಾರ್ಚ್ ಮುಗಿದಿರುತ್ತದೆ.