ಗ್ರಾಫಿಕ್ ಡಿಸೈನ್, ಆನಿಮೇಷನ್ ಕಲಿಯಬೇಕೇ? ಸಮುದಾಯ ಕಾಲೇಜಿನ ದಾರಿ ಹೀಗಿದೆ

ಬೆಳಗಾವಿಯ ಖಡೇಬಜಾರಿನಲ್ಲಿ ಒಮ್ಮೆ ಬರೀ ಬೋರ್ಡು ನೋಡುತ್ತಾ ನಡೆಯಿರಿ. ಬಟ್ಟೆ ಅಂಗಡಿ, ಬಂಗಾರದ ಅಂಗಡಿ, ಮೊಬೈಲ್ ರಿಪೇರಿ, ಕುಂದಾ ಮಾರುವ ಅಂಗಡಿ. ಇಂಗ್ಲಿಷ್ ಅಕ್ಷರ ಎಷ್ಟೋ ಕಡೆ ಚಂದ ಕೂತಿರುತ್ತದೆ. ಅದೇ ಬೋರ್ಡಿನ ಕನ್ನಡ ಮಾತ್ರ ಇಕ್ಕಟ್ಟಾಗಿ, ಅಡ್ಡಡ್ಡ ಎಳೆದ ಹಾಗೆ, ಒತ್ತಕ್ಷರ ಕೆಳಗಿನ ಸಾಲಿಗೆ ತಾಗಿಕೊಂಡು ನಿಂತಿರುತ್ತದೆ. ನಾಮಫಲಕದಲ್ಲಿ ಶೇ 60ರಷ್ಟು ಕನ್ನಡ ಇರಲೇಬೇಕು ಎಂಬ ತಿದ್ದುಪಡಿ 2024ರಲ್ಲಿ ಬಂತು. ಅಂದರೆ ಕನ್ನಡ ಅಕ್ಷರವನ್ನು ಅಂದವಾಗಿ ಕೂರಿಸಬಲ್ಲ ಕೈಗಳಿಗೆ ನಮ್ಮೂರಲ್ಲೇ ಕೆಲಸ ಇದೆ.

ಈ ಮಾತನ್ನು ಮೊದಲೇ ಹೇಳಲು ಕಾರಣವಿದೆ. ಗ್ರಾಫಿಕ್ ಡಿಸೈನ್ ಅಂದ ತಕ್ಷಣ ಮಕ್ಕಳು ಕೇಳುವುದು 'ಯಾವ ಸಾಫ್ಟ್‌ವೇರ್ ಕಲಸ್ತಾರ್ರಿ?' ಅಂತ. ಪಾಲಕರು ಕೇಳುವುದು 'ನೌಕರಿ ಸಿಗತೈತೇನ್ರಿ?' ಅಂತ. ಎರಡಕ್ಕೂ ನನ್ನ ಉತ್ತರ ಒಂದೇ: ಸಾಫ್ಟ್‌ವೇರ್ ಯಾರಾದರೂ ಕೆಲವೇ ತಿಂಗಳಲ್ಲಿ ಕಲಿಯಬಹುದು. ನೋಡುವ ಕಣ್ಣು, ಬರೆಯುವ ಕೈ, ಅಕ್ಷರದ ಮೇಲಿನ ಹಿಡಿತ ಇದ್ದವರನ್ನು ಕೆಲಸ ಹುಡುಕಿಕೊಂಡು ಬರುತ್ತದೆ. ಕೋರ್ಸ್ ಆರಿಸುವಾಗಲೂ ಕಲಿಯುವಾಗಲೂ ಇದನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಿ.

1. ಕೋರ್ಸ್ ಯಾವುದು ಅಂತ ತಿಳಿದುಕೊಳ್ಳಿ

ಸಮುದಾಯ ಕಾಲೇಜು ಅಂದರೆ ಬೇರೆ ಕಟ್ಟಡ ಅಂತಲ್ಲ. ಎಷ್ಟೋ ಸಲ ಈಗಿರುವ ಪದವಿ ಕಾಲೇಜು ಅಥವಾ ಪಾಲಿಟೆಕ್ನಿಕ್‌ನಲ್ಲೇ ಅದು ನಡೆಯುತ್ತದೆ. 12ನೇ ಪಂಚವಾರ್ಷಿಕ ಯೋಜನೆಯ ಕಾಲದಲ್ಲಿ ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) ಇದಕ್ಕೆ ಒತ್ತು ಕೊಟ್ಟಿತು. ಊರಿನ ಉದ್ಯಮಕ್ಕೆ ಬೇಕಾದ ಕೆಲಸವನ್ನು ಊರಿನ ಮಕ್ಕಳಿಗೆ ಕಲಿಸಬೇಕು, ಕಲಿಸುವಾಗ ಆ ಉದ್ಯಮದವರೂ ಜೊತೆಗಿರಬೇಕು ಎಂಬುದು ಇದರ ಉದ್ದೇಶ. ಇಲ್ಲಿ ಸರ್ಟಿಫಿಕೇಟ್, ಡಿಪ್ಲೊಮಾ, ಅಡ್ವಾನ್ಸ್ಡ್ ಡಿಪ್ಲೊಮಾ ಎಂಬ ಹಂತಗಳಿರುತ್ತವೆ. ಮುಂದೆ ಓದುವ ಆಸೆ ಇದ್ದವರಿಗೆ ಬಿ.ವೋಕ್, ಅಂದರೆ ವೃತ್ತಿಶಿಕ್ಷಣದ ಪದವಿ ಇದೆ. ಅದರಲ್ಲಿ ಒಂದು ವರ್ಷಕ್ಕೆ ಬಿಟ್ಟರೆ ಡಿಪ್ಲೊಮಾ, ಎರಡು ವರ್ಷಕ್ಕೆ ಅಡ್ವಾನ್ಸ್ಡ್ ಡಿಪ್ಲೊಮಾ, ಮೂರು ವರ್ಷ ಮುಗಿಸಿದರೆ ಪದವಿ. ಮನೆಯ ಪರಿಸ್ಥಿತಿಯಿಂದ ನಡುವೆ ಕೆಲಸಕ್ಕೆ ಹೋಗಬೇಕಾದವರಿಗೆ ಇದು ದೊಡ್ಡ ಅನುಕೂಲ.

ಹತ್ತನೇ ತರಗತಿ ಮುಗಿಸಿದವರಿಗೆ ಐಟಿಐಯಲ್ಲೂ ದಾರಿ ಇದೆ. ಮಲ್ಟಿಮೀಡಿಯಾ ಆನಿಮೇಷನ್, ಡೆಸ್ಕ್‌ಟಾಪ್ ಪಬ್ಲಿಷಿಂಗ್ ಆಪರೇಟರ್, ಎರಡೂ ಒಂದು ವರ್ಷದ ಟ್ರೇಡ್‌ಗಳು. ಎಲ್ಲ ಐಟಿಐಗಳಲ್ಲಿ ಇರುವುದಿಲ್ಲ, ವಿಚಾರಿಸಿಯೇ ಅರ್ಜಿ ಹಾಕಿ.

2. ಲ್ಯಾಬ್ ನೋಡದೆ ಫೀ ಕಟ್ಟಬೇಡಿ

ಬ್ರೋಷರ್ ನೋಡಿ ಸೇರುವುದು ಬೇಡ. ಒಂದು ದಿನ ಹೋಗಿ ಲ್ಯಾಬ್ ತೋರಿಸಿ ಅಂತ ಕೇಳಿ. ಒಬ್ಬ ವಿದ್ಯಾರ್ಥಿಗೆ ಒಂದು ಕಂಪ್ಯೂಟರ್ ಸಿಗುತ್ತದೆಯೇ? ಕ್ಲಾಸ್ ಮುಗಿದ ಮೇಲೂ ಲ್ಯಾಬ್ ತೆರೆದಿರುತ್ತದೆಯೇ? ಕಲಿಸುವವರು ತಾವೇ ಮಾಡಿದ ಕೆಲಸ ತೋರಿಸುತ್ತಾರೆಯೇ? ಇಂಟರ್ನ್‌ಶಿಪ್ ಯಾವ ಪ್ರೆಸ್ಸಿನಲ್ಲಿ, ಯಾವ ಸ್ಟುಡಿಯೋದಲ್ಲಿ? ಹೋದ ವರ್ಷ ಕಲಿತ ಇಬ್ಬರು ಹುಡುಗರ ಜೊತೆ ಮಾತನಾಡಿಸಿ ಅಂತಲೂ ಕೇಳಿ. ಸರ್ಟಿಫಿಕೇಟ್ ಮೇಲೆ ಯಾರ ಮುದ್ರೆ ಇರುತ್ತದೆ ಎಂಬುದು ಬಹಳ ಮುಖ್ಯ. ವಿಶ್ವವಿದ್ಯಾಲಯದ್ದೋ, ತಾಂತ್ರಿಕ ಶಿಕ್ಷಣ ಮಂಡಳಿಯದ್ದೋ, ಕೌಶಲ ಮಂಡಳಿಯದ್ದೋ, ಇಲ್ಲಾ ಆ ಸಂಸ್ಥೆ ತಾನೇ ಅಚ್ಚು ಹಾಕಿಸಿದ್ದೋ?

ವಿದ್ಯಾರ್ಥಿವೇತನಕ್ಕೆ ರಾಜ್ಯದ ಎಸ್‌ಎಸ್‌ಪಿ ಪೋರ್ಟಲ್ ಇದೆ. ಜಾತಿ, ಆದಾಯ ಪ್ರಮಾಣಪತ್ರ ಮೊದಲೇ ಮಾಡಿಸಿಟ್ಟುಕೊಳ್ಳಿ. ರಾಯಬಾಗ, ಗೋಕಾಕ, ಬೈಲಹೊಂಗಲದ ಕಡೆಯಿಂದ ಓಡಾಡುವ ಹುಡುಗಿಯರಿಗೆ ಶಕ್ತಿ ಯೋಜನೆಯಿಂದ ಬಸ್ಸಿನ ಖರ್ಚು ಉಳಿಯುತ್ತದೆ. ಉಳಿದ ದುಡ್ಡನ್ನು ಒಂದು ಪೆನ್ ಟ್ಯಾಬ್ಲೆಟ್‌ಗೆ ಕೂಡಿಡಿ; ಪೆನ್ನಿನಿಂದ ಕಂಪ್ಯೂಟರಿನಲ್ಲಿ ಚಿತ್ರ ಬಿಡಿಸುವ ಹಲಗೆ ಅದು. ಸಣ್ಣದಾದರೆ ಕೆಲವೇ ಸಾವಿರಕ್ಕೆ ಸಿಗುತ್ತದೆ, ಮೊದಲೆರಡು ವರ್ಷಕ್ಕೆ ಅದು ಸಾಕು.

3. ಕಾಲೇಜು ಶುರುವಾಗುವ ಮೊದಲೇ ಕೈ ಶುರುವಾಗಲಿ

ಒಂದು ಗೀಟಿಲ್ಲದ ನೋಟ್‌ಬುಕ್ ತಂದು ದಿನಾ ಬಿಡಿಸಿ. ಅಡುಗೆಮನೆಯ ಡಬ್ಬಿ, ಬಸ್ ಸ್ಟ್ಯಾಂಡಿನಲ್ಲಿ ಕೂತವರು, ಸಂತೆಯ ಎತ್ತು. ಚಂದ ಬರಬೇಕೆಂದಿಲ್ಲ, ದಿನಾ ಬರಬೇಕು ಅಷ್ಟೇ.

ಬೆಳಗಾವಿ, ಬಾಗಲಕೋಟೆ, ವಿಜಯಪುರ, ನಮ್ಮ ಈ ಮೂರು ಜಿಲ್ಲೆಗಳ ಮಕ್ಕಳಿಗೆ ಒಂದು ಭಾಗ್ಯವಿದೆ. ಡಿಸೈನ್ ಪಾಠಗಳೆಲ್ಲ ಕಣ್ಣೆದುರಿಗೇ ಇವೆ. ಪಟ್ಟದಕಲ್ಲಿನಲ್ಲಿ ನಾಗರ, ದ್ರಾವಿಡ ಎರಡೂ ಬಗೆಯ ಶಿಖರ ಅಕ್ಕಪಕ್ಕ ನಿಂತಿವೆ. ಎರಡನ್ನೂ ಬರೀ ಹೊರಗೆರೆಯಲ್ಲಿ ಬಿಡಿಸಿ ನೋಡಿ, ಆಕಾರ ಅಂದರೆ ಏನು ಅಂತ ಗೊತ್ತಾಗುತ್ತದೆ. ವಿಜಯಪುರದ ಇಬ್ರಾಹಿಂ ರೋಜಾದ ಗೋಡೆಯಲ್ಲಿ ಅಕ್ಷರಗಳೇ ಅಲಂಕಾರವಾಗಿವೆ. ಅಕ್ಷರದ ಒಳಗಿನ ಖಾಲಿ ಜಾಗವನ್ನು ಹೇಗೆ ತೂಗಿಸಿದ್ದಾರೆ ಅಂತ ಅಲ್ಲಿ ನಿಂತು ನೋಡಬೇಕು. ಇನ್ನು ಇಳಕಲ್ ಸೀರೆಯ ಮೇಲೆ ಹಾಕುವ ಕಸೂತಿ. ಅದನ್ನು ಬಟ್ಟೆಯ ಎಳೆ ಎಣಿಸಿ ಹಾಕುತ್ತಾರೆ. ಮನೆಯಲ್ಲಿ ಅಜ್ಜಿಯೋ ಅತ್ತೆಯೋ ಕಸೂತಿ ಬಲ್ಲವರಾಗಿದ್ದರೆ ಪಕ್ಕದಲ್ಲಿ ಕೂತು ಅದೇ ಗೋಪುರ, ಅದೇ ತೇರನ್ನು ಗ್ರಾಫ್ ಹಾಳೆಯ ಮೇಲೆ ಚೌಕ ತುಂಬಿ ಬರೆಯಿರಿ. ಐಕಾನ್ ಮಾಡುವವರು ಪರದೆಯ ಮೇಲೆ ಮಾಡುವುದೂ ಇದನ್ನೇ.

4. ಕನ್ನಡ ಅಕ್ಷರಕ್ಕೆ ಒಂದು ಸೆಮಿಸ್ಟರ್ ಕೊಡಿ

ಪಠ್ಯದಲ್ಲಿ ಟೈಪೊಗ್ರಫಿ (ಅಕ್ಷರ ವಿನ್ಯಾಸ) ಅಂತ ಒಂದು ವಿಷಯ ಇರುತ್ತದೆ. ಉದಾಹರಣೆ ಹೆಚ್ಚಾಗಿ ಇಂಗ್ಲಿಷಿನದೇ. ಕನ್ನಡದ್ದನ್ನು ನೀವೇ ಸೇರಿಸಿಕೊಳ್ಳಬೇಕಾಗಬಹುದು.

ಕಟ್ ನಿಬ್ ಪೆನ್ ಹಿಡಿದು ಅ, ಕ, ರ, ತ ದೊಡ್ಡದಾಗಿ ಬರೆಯಿರಿ. ತಲೆಕಟ್ಟು ಎಲ್ಲಿ ಶುರು, ಎಲ್ಲಿ ತಿರುವು, ಗೆರೆ ಎಲ್ಲಿ ದಪ್ಪ ಅಂತ ಗಮನಿಸಿ. ಆಮೇಲೆ 'ರಾಷ್ಟ್ರೀಯ' ಎಂಬ ಪದ ಬರೆಯಿರಿ. ಒಂದೇ ಅಕ್ಷರದ ಕೆಳಗೆ ಎರಡು ಒತ್ತು. ಇಂಗ್ಲಿಷಿನ ಒಂದು ಸಾಲಿನಿಂದ ಮುಂದಿನ ಸಾಲಿಗೆ, ಪುಟ ಜೋಡಿಸುವ ಇನ್‌ಡಿಸೈನ್‌ನಂಥ ಸಾಫ್ಟ್‌ವೇರ್ ತಾನಾಗಿ ಕೊಡುವ ಅಂತರ ಅಕ್ಷರದಳತೆಯ ಶೇ 120. ಅದೇ ಅಂತರದಲ್ಲಿ ಕನ್ನಡ ಸುರಿದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲೆಕಟ್ಟಿಗೆ ಬಡಿಯುತ್ತದೆ. ನಾನು ಶೇ 140ರಿಂದ ಶುರು ಮಾಡಿ, ಕಣ್ಣಿಗೆ ಹಿತವಾಗುವವರೆಗೆ ಹೆಚ್ಚಿಸಿ ಅಂತ ಹೇಳುತ್ತೇನೆ. ಜಾಗ ಸಾಲದಿದ್ದರೆ ಅಕ್ಷರವನ್ನು ಅಗಲಕ್ಕೆ ಅಮುಕಬೇಡಿ. ಮಾತು ಕಡಿಮೆ ಮಾಡಿ, ಇಲ್ಲವೇ ಅಳತೆ ಕಡಿಮೆ ಮಾಡಿ.

ಫಾಂಟ್ ವಿಷಯಕ್ಕೆ ಬಂದರೆ, ನಮ್ಮ ಪ್ರೆಸ್ಸುಗಳಲ್ಲಿ ಇವತ್ತಿಗೂ ಡಿಸೈನಿಗೆ ಕೋರೆಲ್‌ಡ್ರಾ, ಕನ್ನಡ ಟೈಪ್ ಮಾಡಲು ನುಡಿ, ಬರಹ ಓಡುತ್ತಿವೆ. ಹಳೆಯ ನುಡಿ ಫಾಂಟಿನ ಅಕ್ಷರ ಯೂನಿಕೋಡ್, ಅಂದರೆ ಎಲ್ಲ ಕಂಪ್ಯೂಟರಿಗೂ ಅರ್ಥವಾಗುವ ಒಂದೇ ಸಂಕೇತ ಅಲ್ಲ. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಫೈಲ್ ತೆರೆದರೆ ಲಗ್ನಪತ್ರಿಕೆಯ ತುಂಬಾ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ ಕಾಣುತ್ತವೆ. ಪ್ರೆಸ್ಸಿಗೆ ಕೊಡುವ ಮೊದಲು ಅಕ್ಷರವನ್ನೆಲ್ಲ ಕರ್ವ್ಸ್ (ಬರೀ ಗೆರೆಯ ಆಕಾರ) ಮಾಡುವುದು ಇದಕ್ಕೇ. ಕರ್ವ್ಸ್ ಮಾಡಿದ ಮೇಲೆ ತಿದ್ದಲು ಬರುವುದಿಲ್ಲ, ಹಾಗಾಗಿ ಮೂಲ ಫೈಲನ್ನು ಬೇರೆ ಹೆಸರಿನಲ್ಲಿ ಉಳಿಸಿಕೊಳ್ಳಿ. ಇನ್‌ಡಿಸೈನ್‌ನಲ್ಲಿ ಯೂನಿಕೋಡ್ ಕನ್ನಡದ ಒತ್ತುಗಳು ಒಡೆದು ಕಂಡರೆ ಗಾಬರಿ ಬೇಡ. ಪ್ಯಾರಾಗ್ರಾಫ್ ಪ್ಯಾನೆಲ್‌ನ ಮೆನುವಿನಲ್ಲಿ ವರ್ಲ್ಡ್-ರೆಡಿ ಕಂಪೋಸರ್ ಆರಿಸಿ, ಸರಿಹೋಗುತ್ತದೆ. ಗೂಗಲ್ ಫಾಂಟ್ಸ್‌ನಲ್ಲಿ ನೋಟೊ ಸಾನ್ಸ್ ಕನ್ನಡ, ಅನೇಕ್ ಕನ್ನಡ, ಬಲೂ ತಮ್ಮ, ಟೀರೊ ಕನ್ನಡದಂಥ ಫಾಂಟುಗಳು ಪುಕ್ಕಟೆ ಸಿಗುತ್ತವೆ. ವ್ಯಾಪಾರದ ಕೆಲಸಕ್ಕೂ ಬಳಸಬಹುದು. ಎಲ್ಲಿಂದಲೋ ತಂದ ಕಳ್ಳ ಫಾಂಟ್ ಯಾಕೆ ಬೇಕು, ಅಲ್ವಾ?

5. ಒಂದು ಕರದಂಟಿನ ಡಬ್ಬಿ ಮಾಡಿ

ಪೋಸ್ಟರ್ ಎಲ್ಲರೂ ಮಾಡುತ್ತಾರೆ. ನೀವು ಗೋಕಾಕದ್ದೋ ಅಮೀನಗಡದ್ದೋ ಕರದಂಟಿನ ಒಂದು ಡಬ್ಬಿ ತಂದು, ನಿಧಾನವಾಗಿ ಅಂಟು ಬಿಚ್ಚಿ ಚಪ್ಪಟೆ ಹರಡಿ. ಎಲ್ಲಿ ಮಡಿಕೆ, ಎಲ್ಲಿ ಕತ್ತರಿ, ಅಂಟು ಹಚ್ಚುವ ಪಟ್ಟಿ ಎಷ್ಟು ಅಗಲ ಅಂತ ಅಳೆದು ಬರೆದುಕೊಳ್ಳಿ. ಅದೇ ನಿಮ್ಮ ನಕ್ಷೆ.

ಈಗ ಹೊಸದಾಗಿ ಡಿಸೈನ್ ಮಾಡಿ. ಹೆಸರು ಕನ್ನಡದಲ್ಲಿ ದೊಡ್ಡದಾಗಿ ಇರಲಿ, ಎರಡು ಮಾರು ದೂರದಿಂದ ಓದಿಸಿಕೊಳ್ಳಬೇಕು. ಸಸ್ಯಾಹಾರದ ಗುರುತು, ಅಂದರೆ ಹಸಿರು ಚೌಕದೊಳಗಿನ ಹಸಿರು ಚುಕ್ಕೆ, ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) 14 ಅಂಕಿಯ ಲೈಸೆನ್ಸ್ ಸಂಖ್ಯೆ, ನಿವ್ವಳ ತೂಕ, ಎಂಆರ್‌ಪಿ, ತಯಾರಿಸಿದ ದಿನಾಂಕ, ಪದಾರ್ಥಗಳ ಪಟ್ಟಿ ಎಲ್ಲಕ್ಕೂ ಜಾಗ ಬೇಕು. ಚಂದದ ಚಿತ್ರ ಮೊದಲು ಹಾಕಿ ಇವನ್ನೆಲ್ಲ ಕೊನೆಗೆ ಮೂಲೆಗೆ ತುರುಕಿದರೆ ಡಬ್ಬಿ ಕೆಡುತ್ತದೆ. ಮೊದಲು ಇವುಗಳ ಜಾಗ ಗುರುತು ಮಾಡಿ, ಆಮೇಲೆ ಚಿತ್ರ.

ಬಣ್ಣ ಸಿಎಂವೈಕೆಯಲ್ಲಿ, ಅಂದರೆ ಮುದ್ರಣದ ನಾಲ್ಕು ಶಾಯಿಗಳ ಲೆಕ್ಕದಲ್ಲಿ ಇರಲಿ, ಚಿತ್ರ 300 ಡಿಪಿಐ (ಇಂಚಿಗೆ 300 ಚುಕ್ಕೆ) ಇರಲಿ, ಕತ್ತರಿಸುವ ಗೆರೆಯಿಂದ ಆಚೆ 3 ಮಿಲಿಮೀಟರ್ ಬ್ಲೀಡ್ ಬಿಡಿ, ಅಂದರೆ ಕತ್ತರಿ ಸ್ವಲ್ಪ ಸರಿದರೂ ಬಿಳಿ ಕಾಣದಂತೆ ಬಣ್ಣವನ್ನು ಆಚೆಗೂ ಹಬ್ಬಿಸಿ. ಸಣ್ಣ ಅಕ್ಷರಕ್ಕೆ ನಾಲ್ಕೂ ಬಣ್ಣ ಕಲಸಿದ ಕಪ್ಪು ಬೇಡ, ಬರೀ ಕಪ್ಪು ಶಾಯಿ ಒಂದೇ ಇರಲಿ. ಮುದ್ರಣದಲ್ಲಿ ಬಣ್ಣ ಕೂದಲೆಳೆಯಷ್ಟು ಸರಿದರೂ 'ಷ', 'ಫ'ಗಳ ಒಳಗಿನ ಸಣ್ಣ ಗೆರೆ ಮುಚ್ಚಿಹೋಗುತ್ತದೆ. ಆಮೇಲೆ 'ಪ' ಯಾವುದು, 'ಷ' ಯಾವುದು ಅಂತ ತಿಳಿಯುವುದಿಲ್ಲ. ಪ್ರಿಂಟ್ ತೆಗೆದು, ಕತ್ತರಿಸಿ, ಮಡಿಚಿ, ಅಂಟಿಸಿ. ಅಂಗಡಿಯ ಕಪಾಟಿನಲ್ಲಿ ಬೇರೆ ಡಬ್ಬಿಗಳ ನಡುವೆ ಇಟ್ಟು ಫೋಟೊ ತೆಗೆಯಿರಿ. ಈ ಒಂದು ಕೆಲಸದಲ್ಲಿ ಒಂದು ವರ್ಷದ ಪಾಠ ಅಡಗಿದೆ ಅಂತ ನಾನು ನಂಬಿದ್ದೇನೆ.

6. ಆನಿಮೇಷನ್: ಚೆಂಡಿನಿಂದಲೇ ಶುರು

ತ್ರೀಡಿ ರಾಕ್ಷಸನನ್ನು ಮಾಡುವ ಆಸೆ ಎಲ್ಲರಿಗೂ ಇರುತ್ತದೆ. ಆದರೆ ಮೊದಲು ಪುಟಿಯುವ ಚೆಂಡು.

ಸಿನಿಮಾದಲ್ಲಿ ಒಂದು ಸೆಕೆಂಡಿಗೆ 24 ಫ್ರೇಮ್, ಅಂದರೆ 24 ಸ್ಥಿರಚಿತ್ರ. ಒಂದು ಚಿತ್ರವನ್ನು ಎರಡು ಫ್ರೇಮ್ ನಿಲ್ಲಿಸಿದರೆ 12 ಚಿತ್ರ ಸಾಕು. ನೋಟ್‌ಬುಕ್ಕಿನ ಮೂಲೆಯಲ್ಲಿ 12 ಹಾಳೆಗೆ 12 ಚೆಂಡು ಬಿಡಿಸಿ. ಮೇಲೆ ಇರುವಾಗ ಚೆಂಡು ನಿಧಾನ, ಹಾಗಾಗಿ ಒಂದರ ಪಕ್ಕ ಒಂದು ಹತ್ತಿರ ಹತ್ತಿರ ಬಿಡಿಸಬೇಕು. ಕೆಳಗೆ ಬರುತ್ತಾ ವೇಗ ಜಾಸ್ತಿ, ಅಂತರವೂ ಜಾಸ್ತಿ. ನೆಲಕ್ಕೆ ಬಡಿಯುವ ಮುಂಚಿನ ಚೆಂಡು ಸ್ವಲ್ಪ ಉದ್ದ, ಬಡಿದ ಕ್ಷಣದ್ದು ಚಪ್ಪಟೆ. ಚಪ್ಪಟೆ ಆದಷ್ಟೂ ಅಗಲ ಆಗಬೇಕು, ಇಲ್ಲವಾದರೆ ಚೆಂಡು ಚಿಕ್ಕದಾದಂತೆ ಕಾಣುತ್ತದೆ. ಪ್ರತಿ ಪುಟಿತಕ್ಕೂ ಎತ್ತರ ಕಡಿಮೆ. ಹೆಬ್ಬೆರಳಿನಿಂದ ಹಾಳೆ ಸರಸರ ಬಿಡಿ. ಚೆಂಡಿಗೆ ಜೀವ ಬಂದಿದೆಯೋ ಇಲ್ಲವೋ ನಿಮಗೇ ತಿಳಿಯುತ್ತದೆ. ಇದೇ ಚೆಂಡನ್ನು ಕಬ್ಬಿಣದ ಗುಂಡಾಗಿ, ನಂತರ ಬಲೂನಾಗಿ ಮಾಡಿ. ಆಕಾರ ಒಂದೇ ಇರಲಿ, ಅಂತರ ಮಾತ್ರ ಬದಲಿಸಿ. ತೂಕವನ್ನು ಅಂತರದಿಂದಲೇ ತೋರಿಸಬಹುದು ಅನ್ನುವುದು ಆಗ ಕೈಗೇ ಗೊತ್ತಾಗುತ್ತದೆ.

ಡಿಸ್ನಿ ಸ್ಟುಡಿಯೋದವರು ಕಂಡುಕೊಂಡ ಆನಿಮೇಷನ್ನಿನ 12 ಸೂತ್ರಗಳಲ್ಲಿ ಎಷ್ಟೋ ಈ ಒಂದು ಚೆಂಡಿನಲ್ಲೇ ಸಿಗುತ್ತವೆ. ಇದಾದ ಮೇಲೆ ನಡಿಗೆ. ತಲೆಯ ಮೇಲೆ ಕೊಡ ಹೊತ್ತವರ ನಡಿಗೆ ಬೇರೆ, ಜಾತ್ರೆಗೆ ಓಡುವ ಹುಡುಗನದು ಬೇರೆ. ಮೊಬೈಲಿನಲ್ಲಿ ನಿಮ್ಮ ನಡಿಗೆಯನ್ನೇ ವಿಡಿಯೊ ಮಾಡಿಕೊಂಡು ನಿಲ್ಲಿಸಿ ನಿಲ್ಲಿಸಿ ನೋಡಿ.

7. ಕಂಪ್ಯೂಟರ್, ಸಾಫ್ಟ್‌ವೇರ್, ಕರೆಂಟು

ಮನೆಯಲ್ಲಿ ಅಭ್ಯಾಸಕ್ಕೆ ದುಬಾರಿ ಸಾಫ್ಟ್‌ವೇರ್ ಬೇಕಿಲ್ಲ. ಚಿತ್ರಕ್ಕೆ ಕ್ರಿಟಾ, ಲೋಗೊಗೆ ಇಂಕ್‌ಸ್ಕೇಪ್, ಫೋಟೊಗೆ ಗಿಂಪ್, ತ್ರೀಡಿಗೆ ಬ್ಲೆಂಡರ್. ಎಲ್ಲವೂ ಪುಕ್ಕಟೆ, ಕಾನೂನುಬದ್ಧ. ಡಿಸೈನಿಗೆ 8 ಜಿಬಿ ರ‍್ಯಾಮ್ ನಡೆಯುತ್ತದೆ. ತ್ರೀಡಿಗೆ 16 ಜಿಬಿ ಮತ್ತು ಬೇರೆ ಗ್ರಾಫಿಕ್ಸ್ ಕಾರ್ಡ್ ಇದ್ದರೆ ಒಳ್ಳೆಯದು.

ರೆಂಡರ್, ಅಂದರೆ ಕಂಪ್ಯೂಟರ್ ಒಂದೊಂದು ಫ್ರೇಮನ್ನೂ ಪೂರ್ತಿ ಚಿತ್ರವಾಗಿ ತಯಾರಿಸುವ ಕೆಲಸದ ಬಗ್ಗೆ ಮಾತ್ರ ಒಂದು ಲೆಕ್ಕ ತಿಳಿದಿರಲಿ. 10 ಸೆಕೆಂಡಿನ ಆನಿಮೇಷನ್ ಅಂದರೆ 240 ಫ್ರೇಮ್. ಒಂದು ಫ್ರೇಮಿಗೆ ಒಂದು ನಿಮಿಷ ಹಿಡಿದರೂ ನಾಲ್ಕು ತಾಸು. ನಡುವೆ ಕರೆಂಟು ಹೋದರೆ? ನೇರವಾಗಿ ವಿಡಿಯೊ ಫೈಲ್ ಮಾಡುತ್ತಿದ್ದರೆ ಎಲ್ಲ ಮೊದಲಿನಿಂದ. ಅದಕ್ಕೇ ಪ್ರತಿ ಫ್ರೇಮನ್ನು ಬೇರೆ ಬೇರೆ ಪಿಎನ್‌ಜಿ ಚಿತ್ರವಾಗಿ ಉಳಿಸಿ. ಬ್ಲೆಂಡರ್‌ನಲ್ಲಿ ಓವರ್‌ರೈಟ್ ಅನ್ನುವುದರ ಟಿಕ್ ತೆಗೆದುಬಿಡಿ. ಕರೆಂಟು ಬಂದ ಮೇಲೆ ಮತ್ತೆ ರೆಂಡರ್ ಕೊಟ್ಟರೆ ಎಲ್ಲಿಗೆ ನಿಂತಿತ್ತೋ ಅಲ್ಲಿಂದ ಮುಂದುವರಿಯುತ್ತದೆ. ಕೊನೆಗೆ ಎಲ್ಲ ಚಿತ್ರ ಜೋಡಿಸಿ ವಿಡಿಯೊ ಮಾಡಿಕೊಳ್ಳಿ.

8. ತೋರಿಸಲು ಏನಿದೆ?

ಸ್ಟುಡಿಯೋದವರು ಮಾರ್ಕ್ಸ್ ಕಾರ್ಡಿಗಿಂತ ಮೊದಲು ಪೋರ್ಟ್‌ಫೋಲಿಯೊ, ಅಂದರೆ ನಿಮ್ಮ ಕೆಲಸಗಳ ಸಂಗ್ರಹ ಕೇಳುತ್ತಾರೆ. ಹತ್ತು ಒಳ್ಳೆಯ ಕೆಲಸ ಸಾಕು. ಸುಮ್ನೆ ಸಂಖ್ಯೆ ಹೆಚ್ಚಿಸಬೇಡಿ. ಆನಿಮೇಷನ್ ಆದರೆ ಒಂದು ನಿಮಿಷದ ಶೋರೀಲ್ (ಆಯ್ದ ತುಣುಕುಗಳ ವಿಡಿಯೊ), ಎಲ್ಲಕ್ಕಿಂತ ಒಳ್ಳೆಯದು ಮೊದಲಿಗೆ. ಪ್ರತಿ ಕೆಲಸದ ಪಕ್ಕ ಪೆನ್ಸಿಲ್ ಸ್ಕೆಚ್ ಕೂಡ ಇಡಿ. ನೀವು ಹೇಗೆ ಯೋಚಿಸಿದಿರಿ ಎಂಬುದು ಅದರಲ್ಲಿ ಕಾಣುತ್ತದೆ. ಗುಂಪಿನಲ್ಲಿ ಮಾಡಿದ ಕೆಲಸವಾದರೆ ನಿಮ್ಮ ಪಾಲು ಯಾವುದು ಅಂತ ಬರೆಯಿರಿ.

ಆನಿಮೇಷನ್ ಉದ್ಯಮಕ್ಕೆಂದೇ 2012ರಲ್ಲಿ ಕರ್ನಾಟಕ ಒಂದು ನೀತಿ ತಂದಿತು, ಈಗಿನದು 2024ರಿಂದ 2029ರವರೆಗಿನದು. ದೊಡ್ಡ ಸ್ಟುಡಿಯೋಗಳು ಹೆಚ್ಚಾಗಿ ಬೆಂಗಳೂರಿನಲ್ಲಿವೆ, ನಿಜ. ಆದರೆ ಮೊದಲ ಇಂಟರ್ನ್‌ಶಿಪ್ ಊರಿನ ಪ್ರೆಸ್ಸಿನಲ್ಲೇ ಮಾಡಿ. ಮಶೀನಿನ ಪಕ್ಕ ನಿಂತು ಶಾಯಿ, ಕಾಗದ ನೋಡಿದವರ ಡಿಸೈನ್ ಬೇರೆಯೇ ಇರುತ್ತದೆ.

9. ಮೊದಲ ಗಿರಾಕಿ

ಕೋರ್ಸ್ ಮುಗಿಯುವ ಮುಂಚೆಯೇ ಯಾರಾದರೂ 'ತಮ್ಮಾ, ನಮ್ಮ ಅಂಗಡಿಗೆ ಒಂದು ಲೋಗೊ ಮಾಡಿಕೊಡು' ಅಂತ ಬರುತ್ತಾರೆ. ಸಂಬಂಧಿಕರಾದರೂ ಸರಿ, ದುಡ್ಡಿನ ಮಾತು ಮೊದಲೇ ಆಡಿ. ಏನು ಮಾಡಿಕೊಡುತ್ತೀರಿ, ಎಷ್ಟು ದಿನ, ಎಷ್ಟು ಸಲ ತಿದ್ದಿಕೊಡುತ್ತೀರಿ ಎಂಬುದನ್ನು ವಾಟ್ಸ್‌ಆ್ಯಪ್‌ನಲ್ಲೇ ಬರೆದು ಕಳಿಸಿ. ಅರ್ಧ ದುಡ್ಡು ಮುಂಗಡ ತಗೊಳ್ಳಿ. ಅಂಗಡಿಯ ಹೆಸರು, ವಿಳಾಸ, ಫೋನ್ ನಂಬರನ್ನು ಮಾಲೀಕರ ಎದುರೇ ಗಟ್ಟಿಯಾಗಿ ಓದಿ, ಒಂದೊಂದು ಒತ್ತಕ್ಷರವನ್ನೂ ತೋರಿಸಿ, ಸರಿ ಇದೆ ಅಂತ ಅವರಿಂದ ಬರೆಸಿಕೊಂಡ ಮೇಲೆಯೇ ಫೈಲನ್ನು ಪ್ರೆಸ್ಸಿಗೆ ಕಳಿಸಿ.